ಸಾಕು ಎನ್ನಲಾರದ ಕಗ್ಗವಿ

ಚುಕ್ಕಿಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲ. ಆಗ ಮುಗಿಲಪುರ ಎಂಬ ರಾಜ್ಯವಿತ್ತು. ಅಲ್ಲಿನವರು ದನದ ಬದಲು ಮೋಡ ಮೇಯಿಸುತ್ತಿದ್ದರು. ಮೋಡ ತಣ್ಣಗೆ ಮಲಗಿ ಎದ್ದರೆ ಅದರ ಮಡಿಲಲ್ಲೊಂದು ಮರಿಚುಕ್ಕಿ ಹುಟ್ಟಿರುತ್ತಿತ್ತು.

ರಾಜ್ಯದ ನಡುವೆ ಕಗ್ಗವಿ ಎಂಬ ಕರಿಭೂತವಿತ್ತು. ಮೊದಲು ಸಾಸಿವೆಯಷ್ಟಿತ್ತು, ಈಗ ಬೆಟ್ಟದಷ್ಟಾಗಿತ್ತು. ಉರಿಗಣ್ಣನೆಂಬ ಮಾಯಾವಿ ಊರವರ ಮೋಡಗಳನ್ನೆಲ್ಲ ಹಿಡಿದು ಅದಕ್ಕೆ ತಿನ್ನಿಸುತ್ತಿದ್ದ. ಮೋಡಗಳು ನೇರ ಒಳಗೆ ಬೀಳುತ್ತಿರಲಿಲ್ಲ. ಬಾಯಿಯ ಸುತ್ತ ಗಿರಗಿರ ಸುತ್ತಿ, ಒಂದಕ್ಕೊಂದು ಉಜ್ಜಿ, ಕಾದು, ಧಗಧಗ ಬೆಳಗಿ, ಆಮೇಲೆ ಇಳಿಯುತ್ತಿದ್ದವು. ಆ ಬೆಳಕಿಗೆ ಅರಮನೆಯಲ್ಲಿ ರಾತ್ರಿಯೇ ಇರಲಿಲ್ಲ. ರಾಜ ಅದಕ್ಕೆ ಮರುಳಾಗಿ ಮಾಯಾವಿಯನ್ನು ತಡೆಯದೆ ಬಿಟ್ಟಿದ್ದ.

ಒಂದು ದಿನ ಕೆಂಚೀರನ ಮೋಡ ನಸುಕಿಯನ್ನೂ ಉರಿಗಣ್ಣ ಎಳೆದೊಯ್ದು ತನ್ನ ದೊಡ್ಡಿಗೆ ಕೂಡಿದ. ಕೆಂಚೀರ ಅಂದರೆ ಯಾರು? ಸುತ್ತಲ ಊರುಗಳ ಊಟದ ಪಂಕ್ತಿಗಳಲ್ಲಿ ಹೋಳಿಗೆಯನ್ನೇ ಸೋಲಿಸಿದ ಗಂಡು!

"ಬಸುರಿ ಮೋಡ ಕಣೋ ಅದು," ಎಂದು ಅವನವ್ವ ಕಣ್ಣೊರೆಸಿಕೊಂಡಳು.

"ಸುಮ್ನಿರವ್ವ. ಆ ಭೂತದ ಕಿವಿ ಹಿಂಡಿ ತರ್ತೀನಿ, ನೋಡ್ತಿರು."

ಕಗ್ಗವಿಯ ಬಾಯಿಯ ಬಳಿ ಹೋಗಿ ಮೊದಲು ಕೂಗಿದ: "ಏಯ್, ಬಿಡೋ ನಮ್ಮ ಮೋಡನ!" ಕೂಗು ಒಳಗೆ ಹೋಯಿತು, ಮರುದನಿ ಬರಲಿಲ್ಲ. ಎರಡನೇ ಸಲ ಭೂತವನ್ನು ಕಟ್ಟಿಹಾಕಲು ಹಗ್ಗ ಬೀಸಿದ. ಹಗ್ಗ ನೂಲಾಯಿತು, ನೂಲು ಎಳೆಯಾಯಿತು, ಎಳೆ ಕಾಣದಾಯಿತು.

ಉರಿಗಣ್ಣ ನಕ್ಕ. "ಒಳಗೆ ಹೋದ ಬೆಳಕೇ ವಾಪಸ್ ಬರಲ್ಲ ಕಣೋ ಹೈದ. ನಿನ್ನ ಹಗ್ಗ ಬರುತ್ತಾ?"

ಕೆಂಚೀರ ಪೆಚ್ಚಾಗಿ ಕೂತ. ಕೂತು ನೋಡಿದ. ಮೋಡ ಸುರಿದಾಗಲೆಲ್ಲ ಬೆಳಕಿನ ಉಂಗುರ ಭುಗ್ಗೆಂದು ಉರಿದು, ಬಿಸಿಗಾಳಿ ಬೀಸಿ, ಹಿಂದೆ ಬರುತ್ತಿದ್ದ ಮೋಡಗಳನ್ನು ಆಚೆ ತಳ್ಳುತ್ತಿತ್ತು. ಮಾಯಾವಿ ತುಸು ತಡೆದು, ಉರಿ ತಗ್ಗಿದ ಮೇಲೆ ಮತ್ತೆ ಸುರಿಯುತ್ತಿದ್ದ. ಕೆಂಚೀರನಿಗೆ ಸೋದರಮಾವನ ಮದುವೆ ನೆನಪಾಯಿತು. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಪಾಯಸ ಸುರಿದಿದ್ದರು.

"ಅಯ್ಯೋ, ಇದು ಸಾಕು ಅಂತಿದೆ! ಅಡ್ಡ ಹಿಡಿಯೋಕೆ ಕೈಯಿಲ್ಲ. ಕೂಗಿದ್ರೆ ದನಿ ಆಚೆ ಬರಲ್ಲ. ಪಾಪ."

ಮೂರನೇ ಸಲ ಅವನು ಮಾಯಾವಿಯನ್ನೇ ಕೆಣಕಿದ. "ಏನ್ ಯಜಮಾನ, ಇಷ್ಟಿಷ್ಟೇ ಬಡಿಸ್ತಿದ್ದೀಯ? ನಮ್ಮೂರಲ್ಲಿ ಬಾಣಂತಿಗೂ ಇದಕ್ಕಿಂತ ಜಾಸ್ತಿ ಬಡಿಸ್ತಾರೆ. ಕೈಲಾಗದಿದ್ರೆ ಸೌಟು ನನಗೆ ಕೊಡು."

"ನನ್ನ ಕೈಲಾಗಲ್ವಾ!" ಉರಿಗಣ್ಣ ಮೋಡದ ದೊಡ್ಡಿಯನ್ನೇ ತೆರೆದುಬಿಟ್ಟ. ಎಲ್ಲವೂ ಒಟ್ಟಿಗೆ ಉರುಳಿದವು, ನಸುಕಿಯೂ ಉರುಳಿತು. ಕೆಂಚೀರ ಕಣ್ಣು ಮುಚ್ಚಿಕೊಂಡ. ಜಂಭವೆಲ್ಲ ಉಡುಗಿತ್ತು.

ಉಂಗುರ ಭುಗಿಲೆದ್ದಿತು. ಕಗ್ಗವಿಗೆ ಬೆಳಕೇ ಕೈಯಾಯಿತು. ಆ ಕೈ ಮೋಡಗಳನ್ನು ನಾಲ್ಕು ದಿಕ್ಕಿಗೆ ನೂಕಿತು, ಉರಿಗಣ್ಣನನ್ನು ದಿಕ್ಕೇ ಇಲ್ಲದ ಕಡೆಗೆ ನೂಕಿತು.

ಬೆಳಕು ಆರಿತು. ಕತ್ತಲಿಗೆ ಹೆದರಿ ಅರಮನೆಯಿಂದ ಓಡಿಬಂದ ರಾಜ ಮಗುವಿನಂತೆ ಅತ್ತ. "ಹೆದರಬೇಡಿ ಸ್ವಾಮಿ, ಸ್ವಲ್ಪ ಕಾಯಿರಿ," ಎಂದ ಕೆಂಚೀರ.

ಮೋಡಗಳು ತಣಿದವು. ಒದ್ದೆ ಮೂತಿಯೊಂದು ಅವನ ಬೆನ್ನು ತಿವಿಯಿತು. ನಸುಕಿ! ಅದರ ಮಡಿಲಲ್ಲಿ ಮರಿಚುಕ್ಕಿ ಮಿಣುಕಿತು. ಆಮೇಲೆ ಪಕ್ಕದ ಮನೆಯಲ್ಲೊಂದು, ಆಚೆ ಕೇರಿಯಲ್ಲೊಂದು.

ಕಗ್ಗವಿ ಅಂದಿನಿಂದ ನೆಮ್ಮದಿಯಾಗಿ ಮಲಗಿದೆ, ಮುಗಿಲಪುರದವರು ಸುಖವಾಗಿದ್ದಾರೆ. ಭೂತದ ಕಿವಿ ಹಿಂಡಿದ್ದು ನಾನೇ ಎಂದು ಕೆಂಚೀರ ಇವತ್ತಿಗೂ ಕೊಚ್ಚಿಕೊಳ್ಳುತ್ತಾನೆ. ಆದರೆ ಪಂಕ್ತಿಯಲ್ಲಿ ಬಡಿಸುವಾಗ ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದರೆ, ಮರುಮಾತಾಡದೆ ಮುಂದಿನ ಎಲೆಗೆ ಹೋಗುತ್ತಾನೆ.