ಏಣಿ ಅಣ್ಣನ ಫೋನ್

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹುಡುಗಿ ಬೆಂಚಿನ ತುದಿಯಲ್ಲಿ ಕೂತು ಎರಡು ಲೋಟ ನೀರು ಕುಡಿದಳು. ಆಮೇಲೆ ಹೇಳಿದಳು:

"ಸತ್ತೋದವರ ಫೋನು ನಮ್ಮ ಆಫೀಸಲ್ಲಿ ಓಡಾಡ್ತಿದೆ ಸರ್."

"ಫೋನ್ ಒಂದೇನಾ, ಜೊತೆಗೆ ಅವರೂನಾ?" ಎಂದ ರೈಟರ್. ಇನ್‌ಸ್ಪೆಕ್ಟರ್ ಅವನತ್ತ ಒಮ್ಮೆ ನೋಡಿದ ಮೇಲೆ ಪೆನ್ನು ಹಿಡಿದ.

ಅವಳು ನಾಲ್ಕು ಮಹಡಿಯ ಕಚೇರಿಯೊಂದರ ವೈಫೈ ನೋಡಿಕೊಳ್ಳುವವಳು. ಚಾವಣಿಗೆ ಅಂಟಿಸಿದ, ವೈಫೈ ಹಂಚುವ ಆಕ್ಸೆಸ್ ಪಾಯಿಂಟ್‌ಗಳಲ್ಲಿ ಯಾವುದು ಸೊರಗಿದೆ, ಯಾವುದಕ್ಕೆ ಎಷ್ಟು ಜನ ಜೋತುಬಿದ್ದಿದ್ದಾರೆ ಎಂದು ಪರದೆಯ ಮೇಲೆ ಕಣ್ಣಿಟ್ಟಿರುವುದು ಕೆಲಸ. ಅದನ್ನು ಕಲಿಸಿದವನು ಹಿರಿಯ ಟೆಕ್ನಿಷಿಯನ್. ಎತ್ತರದ ಆಳು, ಹಾಗಾಗಿ ಎಲ್ಲರ ಬಾಯಲ್ಲೂ ಏಣಿ ಅಣ್ಣ. ಹಿಂದಿನ ತಿಂಗಳು ಸಭಾಂಗಣದ ಚಾವಣಿಯಲ್ಲಿ ಪಾಯಿಂಟ್ ಬದಲಿಸುವಾಗ ಬಿದ್ದು ತೀರಿಕೊಂಡಿದ್ದ. ಸೊಂಟಕ್ಕೆ ಬೆಲ್ಟ್ ಇರಲಿಲ್ಲ. ಪಂಚನಾಮೆಯ ಹೊತ್ತಿಗೆ ಅವನ ಫೋನೂ ಇರಲಿಲ್ಲ. ಸ್ವಂತ ಅಜಾಗರೂಕತೆಯಿಂದ ಸಾವು ಎಂದು ಬರೆದು ಫೈಲು ಮುಚ್ಚುವುದೊಂದೇ ಬಾಕಿ ಇತ್ತು.

ಶನಿವಾರ ಮೂರನೇ ಮಹಡಿಯಲ್ಲಿ ವೈಫೈ ನಿಧಾನ ಎಂದು ಯಾರೋ ಗೊಣಗಿದ್ದರು. ಅಲ್ಲಿ ಯಾವ ಯಾವ ಫೋನುಗಳಿವೆ ಎಂದು ತೆರೆದು ನೋಡಿದರೆ ನಡುವೆ ಒಂದು ಹೆಸರು: ಏಣಿ. ಅಣ್ಣ ತಮಾಷೆಗೆ ತಾನೇ ತನ್ನ ಫೋನಿಗೆ ಇಟ್ಟುಕೊಂಡದ್ದು.

"ಆ ಫೋನು ಆಫ್ ಆಗಿದೆ. ನಾವೇ ವಿಚಾರಿಸಿದ್ವಿ," ಎಂದರು ಇನ್‌ಸ್ಪೆಕ್ಟರ್.

"ಸಿಮ್ ತೆಗೆದಿರ್ಬೇಕು ಸರ್. ತೆಗೆದ್ರೂ, ಒಂದ್ಸಲ ಹಿಡಿದ ವೈಫೈನ ಫೋನು ತಾನಾಗೇ ಹಿಡ್ಕೊಳ್ಳುತ್ತೆ. ಅದು ಫೋನ್ ತಗೊಂಡವರಿಗೆ ಗೊತ್ತಿಲ್ಲ."

"ಯಾರ ಹತ್ರ ಇದೆ?"

"ಅದು ಹೇಳೋಕಾಗಲ್ಲ. ಒಂದು ಪಾಯಿಂಟ್ ಕೆಳಗೆ ಮೂವತ್ತು ಜನ ಕೂರ್ತಾರೆ." ಯೋಚಿಸಿದಳು. "ಎಲ್ಲಾ ಪಾಯಿಂಟ್‌ಗಳ ಪವರ್ ಇಳಿಸ್ತೀನಿ. ಆಗ ಫೋನು ದೂರದ್ದು ಬಿಟ್ಟು ತಲೆ ಮೇಲಿರೋದನ್ನೇ ಹಿಡಿಯುತ್ತೆ."

ಫೋನ್ ಕಳವಿನ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮೂರೂವರೆಗೆ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಪೇದೆ ಕೇಬಲ್ ಸುರುಳಿ ಹೊತ್ತು ಕೆಲಸದವರ ಹಾಗೆ ಮೂರನೇ ಮಹಡಿ ಹತ್ತಿದರು. ಹುಡುಗಿ ನೆಲಮಹಡಿಯ ತನ್ನ ಕೋಣೆಯಲ್ಲಿ ಒಬ್ಬಳೇ. ಏನಾದರೂ ಆದರೆ ಮಿಸ್ಡ್ ಕಾಲ್ ಕೊಡು ಎಂದಿದ್ದರು.

ಪವರ್ ಇಳಿಸಿದಳು. ಪರದೆಯಲ್ಲಿ ಏಣಿ ಎಂಬ ಹೆಸರಿನ ಹಸಿರು ಚುಕ್ಕೆ ಮೂರನೇ ಮಹಡಿಯಲ್ಲೇ ನಿಂತಿತ್ತು. ಆಮೇಲೆ ಕದಲಿತು. ಎರಡನೇ ಮಹಡಿ. ಮೊದಲನೇ ಮಹಡಿ. ಯಾರೋ ಮೆಟ್ಟಿಲಿಳಿಯುತ್ತಿದ್ದರು, ಆತುರವಿಲ್ಲದೆ. ನೆಲಮಹಡಿ. ಎದುರಿನ ಪಡಸಾಲೆ. ಎದ್ದು ಚಿಲಕ ಹಾಕಬೇಕು ಎಂದು ಅವಳಿಗೆ ಅನ್ನಿಸಿತು, ಅಷ್ಟು ಹೊತ್ತಿರಲಿಲ್ಲ.

ಬಾಗಿಲು ತೆರೆಯಿತು. ಬಂದವರು ಆಡಳಿತದ ಮ್ಯಾನೇಜರ್, ಇಡೀ ಕಚೇರಿಗೆ ದೊಡ್ಡಪ್ಪ. ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು.

"ಏನಮ್ಮಾ, ವೈಫೈಗೆ ಇವತ್ತು ಊಟ ಹಾಕಿಲ್ವಾ? ಮೇಲೆ ಸುಸ್ತಾಗಿ ಬಿದ್ಕೊಂಡಿದೆ."

ಅವರ ಹಿಂದೆ ಪಡಸಾಲೆ ಖಾಲಿ. ಅವಳು ಪರದೆಯತ್ತ ತಿರುಗಿದಳು. ಚುಕ್ಕೆ ಅವಳ ತಲೆಯ ಮೇಲಿನ ಪಾಯಿಂಟ್‌ಗೆ ಬಂದು ನಿಂತಿತ್ತು.

ಮೇಜಿನ ಕೆಳಗೆ ಬೆರಳು ಹೇಗೋ ಇನ್‌ಸ್ಪೆಕ್ಟರ್ ನಂಬರು ಒತ್ತಿತು.

"ಸರಿ ಮಾಡ್ತೀನಿ ದೊಡ್ಡಪ್ಪ. ಎರಡೇ ನಿಮಿಷ."

ಅವರು ಪರದೆಯ ಮೇಲಿನ ಹೆಸರು ಓದುತ್ತಿದ್ದರು. ನಿಧಾನವಾಗಿ ಹಿಂದೆ ಸರಿದು ಬಾಗಿಲಿಗೆ ಚಿಲಕ ಹಾಕಿದರು.

"ಸಿಮ್ ತೆಗೆದಿದ್ನಲ್ಲ..." ತಮ್ಮಷ್ಟಕ್ಕೇ ಅಂದುಕೊಂಡಂತಿತ್ತು. ಅವಳ ಕುರ್ಚಿಯ ಬೆನ್ನನ್ನು ಹಿಡಿದರು. "ಅದನ್ನ ಅಳಿಸಿಬಿಡು ಮಗಳೇ. ನಾನು ನಿನಗೆ ದೊಡ್ಡಪ್ಪ ಅಲ್ವಾ?"

"ಅಳಿಸೋಕೆ ಬರಲ್ಲ."

"ಬರುತ್ತೆ. ಅಳಿಸು." ಕುರ್ಚಿ ಹಿಂದಕ್ಕೆ ವಾಲಿತು. ಅವಳ ಕಾಲು ನೆಲ ಬಿಟ್ಟಿತು.

ಅವರ ಜೇಬಿನೊಳಗೆ ಅಲಾರಂ ಹೊಡೆಯಿತು. ನಾಲ್ಕು ಗಂಟೆ. ಆ ಸದ್ದು ಅವಳಿಗೆ ಗೊತ್ತಿತ್ತು. ಅದು ಹೊಡೆದೊಡನೆ ಏಣಿ ಅಣ್ಣ ಕೈಯಲ್ಲಿದ್ದ ಕೆಲಸ ಬಿಟ್ಟು ಮಗಳನ್ನು ಶಾಲೆಯಿಂದ ಕರೆತರಲು ಓಡುತ್ತಿದ್ದ. ದೊಡ್ಡಪ್ಪನ ಕೈ ಸಡಿಲವಾಯಿತು. ಹೊರಗಿನಿಂದ ಇನ್‌ಸ್ಪೆಕ್ಟರ್ ಬಾಗಿಲು ಬಡಿದರು. ಚಿಲಕ ತೆಗೆದದ್ದು ದೊಡ್ಡಪ್ಪನೇ.

ಅದೇ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಫೋನಿನ ಬೀಗವನ್ನು ಏಣಿ ಅಣ್ಣನ ಹೆಂಡತಿ ಬಂದು ತೆರೆದಳು. ಬಿದ್ದ ದಿನ ದೊಡ್ಡಪ್ಪ ಕಳಿಸಿದ ಸಂದೇಶ ಹಾಗೇ ಇತ್ತು: 'ಬೆಲ್ಟ್ ಹುಡುಕ್ತಾ ಕೂರ್ಬೇಡ. ಮೀಟಿಂಗ್ ಶುರುವಾಗೋದ್ರೊಳಗೆ ಹತ್ತಿ ಮುಗಿಸು.' ಹೆಂಡತಿ ಅದನ್ನು ಎರಡು ಸಲ ಓದಿದಳು. "ಹಾಗಾದ್ರೆ ನಮ್ಮನೆಯವರ ತಪ್ಪು ಅಂತ ಬರೆಯಲ್ಲ ತಾನೇ?" ಎಂದು ಮಾತ್ರ ಕೇಳಿದಳು.

"ಬರೆಯಲ್ಲಮ್ಮಾ," ಎಂದರು ಇನ್‌ಸ್ಪೆಕ್ಟರ್.

ಸಂಜೆ ಆರಕ್ಕೆ ದೊಡ್ಡಪ್ಪನನ್ನು ಬಂಧಿಸಿ ಹೇಳಿಕೆ ಪಡೆದರು.

"ಫೋನ್ ಯಾಕೆ ತಗೊಂಡ್ರಿ?"

"ಹೆದರಿದೆ. ಮೆಸೇಜ್ ಅಳಿಸೋಣ ಅಂತ. ಬೀಗ ತೆಗೆಯೋಕೆ ಬರಲಿಲ್ಲ."

"ಎಸೀಬಹುದಿತ್ತು."

"ಸೇತುವೆವರೆಗೂ ಹೋಗಿದ್ದೆ ಸರ್. ಅಲಾರಂ ಹೊಡೀತು. 'ಪುಟ್ಟಿ ಕಾಯ್ತಿರ್ತಾಳೆ' ಅಂತ ಪರದೆ ಮೇಲೆ ಬಂತು."

"ಮತ್ತೆ ದಿನಾ ಚಾರ್ಜ್ ಯಾಕೆ ಹಾಕ್ತಿದ್ರಿ?"

ಅವರು ಮೇಜಿನ ಮೇಲಿದ್ದ ಫೋನಿನತ್ತ ನೋಡಿದರು.

"ಅದೂ ನಿಂತೋದ್ರೆ ಅವನನ್ನ ಎರಡನೇ ಸಲ ಕೊಂದ ಹಾಗಾಗ್ತಿತ್ತು."

ರೈಟರ್ ಅದನ್ನು ಹೇಳಿದ ಹಾಗೆಯೇ ಬರೆದುಕೊಂಡ. ಈ ಸಲ ತಮಾಷೆ ಮಾಡಲಿಲ್ಲ.