ಬಾಗಿಲ ಸಂದಿಯ ಟವೆಲ್

ಮನೆಯಲ್ಲೇ ಬಟ್ಟೆ ಹೊಲಿಯುವ ಅವಳ ಕಪ್ಪು ಲೈನಿಂಗ್ ಬಟ್ಟೆ ಕಾಣೆಯಾದಾಗಲೇ ತಲೆಗೆ ಹುಳ ಹೊಕ್ಕಿದ್ದು. ಹುಡುಕಿದರೆ, ಅದು ಬಚ್ಚಲುಮನೆಯ ಕಿಟಕಿಗೆ ಮೊಳೆ ಹೊಡೆಸಿಕೊಂಡು ಕೂತಿತ್ತು.

"ರೀ, ಏನಿದು?"

ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ತಲೆ ಎತ್ತಲಿಲ್ಲ. "ಬಿಸಿಲು ಬೀಳ್ತಿತ್ತು."

"ಬಚ್ಚಲಿಗೆ ಬಿಸಿಲು ಬಿದ್ರೆ ನಿಮ್ಮ ಬಣ್ಣ ಕೆಡುತ್ತಾ?"

ಅವನು ನಕ್ಕ. ಆ ನಗು ನೋಡಿಯೇ ಅವಳು ಅವನನ್ನು ಒಪ್ಪಿದ್ದು. ಈಗ ಅದರ ಹಿಂದೆಯೇ ಏನೋ ಅಡಗಿದೆ ಅನ್ನಿಸಿತು.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ರಜೆಯ ಮಧ್ಯಾಹ್ನ ಬಚ್ಚಲು ಸೇರಿ, ಬಾಗಿಲ ಸಂದಿಗೆ ಒಳಗಿನಿಂದ ಟವೆಲ್ ತುರುಕುತ್ತಾನೆ. ಹೊರಬಂದರೆ ಬೆರಳಿಗೆಲ್ಲ ಹುಳಿ ವಾಸನೆ. ಕಪಾಟಿನಲ್ಲಿದ್ದ ಹಳೇ ಕ್ಯಾಮೆರಾ ಅಲ್ಲಿಲ್ಲ. ಮದುವೆಯ ಹೊಸತರಲ್ಲಿ ಅದನ್ನು ಅವಳ ಮುಂದೆ ಹಿಡಿದಾಗೆಲ್ಲ ಅವಳು ಬಾಯಿಗೆ ಅಂಗೈ ಅಡ್ಡ ಇಡುತ್ತಿದ್ದಳು. ಅವಳದೊಂದು ಸೊಟ್ಟ ಹಲ್ಲು. ಚಿಕ್ಕಂದಿನಿಂದ ಅಕ್ಕ ಆಡಿಕೊಂಡ ಹಲ್ಲು.

"ಬಾಯಿ ಮುಚ್ಕೊಳ್ಳದವಳು ಯಾರೋ ಸಿಕ್ಕಿರ್ಬೇಕು ಕಣೇ," ಅಂದಳು ಅಕ್ಕ, ಟೀ ಆರಿಸುತ್ತ. "ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ನಾವೂ ಕಣ್ಮುಚ್ಕೋಬೇಕಾ?"

ಅವಳು ಮುಚ್ಚಿಕೊಳ್ಳಲಿಲ್ಲ. ಮುಂದಿನ ರಜೆಯ ದಿನ, ಚಿಲಕ ಸಡಿಲವಾಗಿದ್ದ ಬಚ್ಚಲ ಬಾಗಿಲನ್ನು ಭುಜ ಕೊಟ್ಟು ತಳ್ಳಿದಳು. ಅಡ್ಡವಿದ್ದ ಬಕೆಟ್ ಉರುಳಿತು.

"ಬೇಡ! ಬೆಳಕು!"

ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನು, ಸುರುಳಿ ಸುತ್ತುತ್ತಿದ್ದ ಫಿಲ್ಮನ್ನು ಡಬ್ಬಿಯೊಳಗೆ ತುರುಕಿ ಮುಚ್ಚಳ ಬಿಗಿದ.

"ಯಾರ್ರೀ ಅವಳು?"

ಅವನು ಅವಳನ್ನೇ ನೋಡಿದ. ಲೈಟು ಹಾಕಿ, ಡಬ್ಬಿಗೆ ಚಿತ್ರ ಮೂಡಿಸುವ ಡೆವಲಪರ್ ನೀರು ಸುರಿದು ಅವಳ ಕೈಗಿಟ್ಟ. "ಮುಕ್ಕಾಲು ಹಾಳಾಯ್ತು. ಉಳಿದಿದ್ರೆ ನೀನೇ ನೋಡ್ಕೋ. ಅಲ್ಲಾಡ್ಸು. ಜೋರಾಗಲ್ಲ, ಮಗು ತೂಗಿದ ಹಾಗೆ."

ತೂಗಿದಳು. ನನ್ನ ಸವತಿಯನ್ನು ನಾನೇ ತೂಗುತ್ತಿದ್ದೇನಲ್ಲ ಅಂದುಕೊಳ್ಳುತ್ತ, ತುಟಿ ಕಚ್ಚಿ ತೂಗಿದಳು.

ಹುಳಿ ವಾಸನೆಯ ನೀರು, ಆಮೇಲೆ ಇನ್ನೊಂದು ನೀರು, ಆಮೇಲೆ ನಲ್ಲಿ. ಫಿಲ್ಮು ಹೊರಬಂತು: ಉದ್ದಕ್ಕೂ ಇದ್ದಿಲಿನಷ್ಟು ಕಪ್ಪು. ಬೆಳಕು ತಾಕದ ಒಳಸುತ್ತಿನಲ್ಲಿ ಒಂದೇ ಒಂದು ಚಿತ್ರ ಬದುಕಿತ್ತು. ಬಲ್ಬಿಗೆ ಹಿಡಿದಳು. ಬೆಳ್ಳಿ ಕೂದಲು, ಕರಿ ಮುಖ, ಬಾಯಿ ತುಂಬ ನಗು.

"ಯಾರೀ ಮುದುಕಿ?"

"ಇದ್ರಲ್ಲಿ ಕಪ್ಪೆಲ್ಲ ಬಿಳುಪು, ಬಿಳುಪೆಲ್ಲ ಕಪ್ಪು. ಸರಿಯಾಗಿ ನೋಡು."

ಮುದುಕಿಯ ಕೊರಳಲ್ಲಿ ಅಳತೆ ಟೇಪಿತ್ತು. ತೆರೆದ ಬಾಯಲ್ಲಿ ಕಪ್ಪು ಹಲ್ಲುಗಳ ಸಾಲು. ಅದರಲ್ಲೊಂದು ಪಕ್ಕದ್ದನ್ನು ನೂಕಿಕೊಂಡು ಮುಂದೆ ಬಂದಿತ್ತು.

"ಎದುರಿಗೆ ಹಿಡಿದ್ರೆ ಕೈ ಅಡ್ಡ ಇಡ್ತೀಯ. ಪಕ್ಕದ್ಮನೆ ಮಗು ಜೊತೆ ನಗ್ತಿದ್ದಾಗ ಕದ್ದು ತೆಗೆದೆ."

"ಸ್ಟುಡಿಯೋಗೆ ಕೊಡೋಕೇನಾಗಿತ್ತು?"

"ಅವನು ನನಗಿಂತ ಮೊದಲು ನೋಡ್ತಾನಲ್ಲ. ಅದಕ್ಕೇ ಇಷ್ಟು ರಜೆ ಇಲ್ಲಿ ಕೂತು ತೊಳೆಯೋದು ಕಲಿತೆ."

ಅವಳು ಕಪ್ಪಾದ ಭಾಗದ ಮೇಲೆ ಬೆರಳಾಡಿಸಿದಳು. "ಇವೆಲ್ಲ?"

"ಅವೂ ನೀನೇ. ಬಾಗಿಲು ತೆಗೆದು ಅಳಿಸ್ಕೊಂಡೆ."

ಅವಳ ಅಂಗೈ ಬಾಯಿಯ ಕಡೆ ಏರಿತು, ಅರ್ಧದಲ್ಲೇ ನಿಂತಿತು, ಕೆಳಗಿಳಿಯಿತು. "ಇನ್ನೊಂದು ರೀಲ್ ಇದ್ಯಾ?"

ಇತ್ತು. ಈ ಸಲ ಅವಳು ನೇರವಾಗಿ ಕ್ಯಾಮೆರಾ ನೋಡಿಯೇ ನಕ್ಕಳು.

ರೀಲ್ ತುಂಬಿದ ಮೇಲೆ ಬಂದ ರಜೆಯ ಮಧ್ಯಾಹ್ನ, ಅವನ ಹಿಂದೆಯೇ ಬಚ್ಚಲು ಹೊಕ್ಕು, ಬಕೆಟ್ ಒತ್ತಿಟ್ಟು, ಸಂದಿಗೆ ಟವೆಲ್ಲನ್ನು ತಾನೇ ತುರುಕಿದಳು. ಕಣ್ಣಿಗೆ ಕಣ್ಣು ಕಾಣದ ಕತ್ತಲು. ತಡವರಿಸಿ ಅವನ ತೋಳು ಹಿಡಿದಳು.

"ಇನ್ನೂ ಅನುಮಾನಾನಾ?"

"ಇದೆ," ಅಂದಳು. "ಅದಕ್ಕೇ ಬಿಡಲ್ಲ."