ಕೊಕ್ಕರೆಯ ಕತ್ತಿನ ಬಳೆ

ಒಂದಾನೊಂದು ಊರಿನಲ್ಲಿ ಒಂದು ಕಬ್ಬಿಣದ ಕೊಕ್ಕರೆ ಇತ್ತು. ಗಾಳಿ ಬೀಸಿದರೆ ಕತ್ತು ತಿರುಗಿಸುತ್ತಿತ್ತು. ತಿರುಗಿಸಿದಾಗಲೆಲ್ಲ ಕಿರ್ರೆಂದು ಕೂಗುತ್ತಿತ್ತು. ಅದನ್ನು ಮಾಡಿದ ಶಿಲ್ಪಿ ತೀರಿಕೊಂಡ ಮೇಲೆ ಅವನ ಚಲಿಸುವ ಶಿಲ್ಪಗಳಿಗೆಂದೇ ಒಂದು ಮ್ಯೂಸಿಯಂ ಕಟ್ಟಿ, ಕೊಕ್ಕರೆಯನ್ನು ಅಲ್ಲಿನ ದೊಡ್ಡ ಕಿಟಕಿಯ ಎದುರು ನಿಲ್ಲಿಸಿದರು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮ್ಯೂಸಿಯಂನ ಮೇಲ್ವಿಚಾರಕರು ಠಾಣೆಗೆ ಬಂದರು. ಕೊಕ್ಕರೆಯ ಕತ್ತು ತಿರುಗಲೆಂದು ಅದರೊಳಗೆ ಕೂರಿಸಿದ್ದ ಹಿತ್ತಾಳೆ ಬಳೆ ಕಳುವಾಗಿದೆ, ಕತ್ತು ಜೋತುಬಿದ್ದಿದೆ ಎಂದು ದೂರಿದರು. ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಹಾಲ್‌ಗೆ ಬೀಗ ಹಾಕಿಸಿ, ಪಂಚರನ್ನು ಕರೆಸಿ ಪಂಚನಾಮೆ ಶುರು ಮಾಡಿದರು. ಅವರಿಗೆ ದೂರು ಕೊಟ್ಟವರ ಮೇಲೂ ಅನುಮಾನವೇ.

ಮೊದಲು ಕಾವಲುಗಾರನ ಸರದಿ.

"ನಿನ್ನೆ ಹಾಲ್ ಬಿಟ್ಟು ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಇಲ್ಲ ಸಾರ್."

"ಎಲ್ಲಿಗೂ?"

"ಒಂದ್ ಲೋಟ ನೀರು ತರೋಕೆ... ಕಣ್ಣು ಕಾಣದ ಅಜ್ಜಿ ಒಬ್ರು ಕೇಳಿದ್ರು."

"ಇವನದ್ದೇ ಕೈವಾಡ ಸಾರ್," ಎಂದು ಮೀಸೆ ಪೇದೆ ಪಿಸುಗುಟ್ಟಿದ. "ಆ ಕಿರಿಕಿರಿಗೆ ತಲೆ ಚಿಟ್ಟು ಹಿಡೀತು ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ನಂತೆ."

"ಈಗೆಲ್ಲಿ ಕಿರಿಕಿರಿ? ಹೋದ ತಿಂಗಳೇ ಎಣ್ಣೆ ಹಾಕಿಸಿದ್ರಲ್ಲ. ಈಗ ನಿದ್ದೆ ತಡ್ಕೊಳ್ಳೋದೇ ಕಷ್ಟ!" ಎಂದ ಅದನ್ನು ಕೇಳಿಸಿಕೊಂಡ ಕಾವಲುಗಾರ.

"ತುಕ್ಕು ಹಿಡೀಬಾರದು ಅಂತ ನಾನೇ ಹಾಕಿಸಿದೆ," ಎಂದರು ಮೇಲ್ವಿಚಾರಕರು.

ಇನ್ಸ್‌ಪೆಕ್ಟರ್ ಕತ್ತಿನ ಗೂಡಿನೊಳಗೆ ಬೆರಳಾಡಿಸಿದರು. ಎಣ್ಣೆಯ ಪಸೆಯೂ ಇರಲಿಲ್ಲ. ಯಾರೋ ಬಟ್ಟೆಯಿಂದ ಒರೆಸಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಪೀಠದ ಮೇಲೆ ಒಪ್ಪವಾಗಿ ಜೋಡಿಸಿಟ್ಟಿದ್ದರು. ಗುಜರಿಗೆ ಮಾರುವ ಕಳ್ಳ ಎಣ್ಣೆ ಒರೆಸುತ್ತಾ ಕೂರುತ್ತಾನೆಯೇ?

"ಎಣ್ಣೆ ಹಾಕಿದ್ದಕ್ಕೆ ಯಾರಾದ್ರೂ ಜಗಳಕ್ಕೆ ಬಂದಿದ್ರಾ?"

"ಶಿಲ್ಪಿಯ ಅಕ್ಕ ಹೋದ ವಾರ ಬಂದು ಕೂಗಾಡಿದ್ರು. ಪಾಪ, ಅವರ ತಾಯಿಗೆ ಕಣ್ಣು ಬೇರೆ ಕಾಣಲ್ಲ..." ಎಂದವರೇ ಮೇಲ್ವಿಚಾರಕರು ಅಲ್ಲಿಗೇ ನಿಲ್ಲಿಸಿದರು. ಕಾವಲುಗಾರ ಹಣೆ ಚಚ್ಚಿಕೊಂಡ.

ಅಕ್ಕನ ಅಡುಗೆಮನೆಯಲ್ಲಿ ಸೀಮೆಎಣ್ಣೆಯ ಬಟ್ಟಲಿತ್ತು. ಬಳೆ ಅದರೊಳಗೆ ಮುಳುಗಿತ್ತು.

"ಜಿಡ್ಡು ಬಿಡಿಸಿ ಇವತ್ತು ವಾಪಸ್ ಹಾಕೋಣ ಅಂತ ಮ್ಯೂಸಿಯಂಗೆ ಬಂದಿದ್ದೆ. ನೀವು ಬೀಗ ಜಡಿಸಿದ್ರಿ," ಎಂದು ಅವಳು ಇನ್ಸ್‌ಪೆಕ್ಟರನ್ನೇ ತರಾಟೆಗೆ ತೆಗೆದುಕೊಂಡಳು.

"ಮೇಲ್ವಿಚಾರಕರನ್ನ ಕೇಳಬಹುದಿತ್ತಲ್ಲಮ್ಮ?"

"ಕೇಳಿದೆ. ನಕ್ಕುಬಿಟ್ರು. ಅಮ್ಮನಿಗೆ ಕಾಣಲ್ಲ, ಸದ್ದಾದ್ರೂ ಕೇಳಲಿ ಅಂತ ನನ್ ತಮ್ಮ ಅದಕ್ಕೆ ಒಂದು ತೊಟ್ಟು ಎಣ್ಣೆ ತೋರಿಸಿರಲಿಲ್ಲ. ನಿನ್ ಮಗನ ಕೊಕ್ಕರೆ ಕೂಗು ಕೇಳಿಸ್ತೀನಿ ಅಂತ ಮಾತು ಕೊಟ್ಟು ಕರ್ಕೊಂಡು ಹೋದೆ. ಅದು ಬಾಯೇ ಬಿಡಲಿಲ್ಲ. ‘ಇದೂ ಹೋಯ್ತೇನೇ?’ ಅಂದ್ಲು ಅಮ್ಮ. ಅವತ್ತಿಂದ ಸರಿಯಾಗಿ ಊಟ ಮಾಡಿಲ್ಲ."

ಬಳೆ ಜಪ್ತಿಯಾಯಿತು. ಅಕ್ಕನನ್ನು ದಸ್ತಗಿರಿ ಮಾಡಲಾಯಿತು. ತಾಯಿ ಮಗಳ ಸೆರಗು ಬಿಡಲಿಲ್ಲವಾದ್ದರಿಂದ ಅವರೂ ಜೀಪು ಹತ್ತಿದರು.

"ಠಾಣೆಗಾ ಸಾರ್?" ಎಂದ ಮೀಸೆ ಪೇದೆ.

"ಮ್ಯೂಸಿಯಂಗೆ," ಎಂದರು ಇನ್ಸ್‌ಪೆಕ್ಟರ್. "ಬಳೆ ಆ ಕತ್ತಿನದೇ ಅಂತ ಪಂಚರೆದುರು ಹೊಂದಿಸಿ ನೋಡಬೇಕಲ್ಲ?"

ಮೀಸೆ ಪೇದೆ ಮೀಸೆಯೊಳಗೇ ನಕ್ಕ.

ಬಳೆ ಕೂರಿಸಲು ಅಕ್ಕನನ್ನೇ ಕರೆದರು. ತಮ್ಮನು ಕೆಲಸ ಮಾಡುವಾಗ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಕೈ ಅದು, ತಡವರಿಸಲಿಲ್ಲ. ಕೊನೆಯ ಸ್ಕ್ರೂ ಕೂತಿತು. ಕಾವಲುಗಾರ ತಾನಾಗಿಯೇ ಹೋಗಿ ಕಿಟಕಿ ತೆರೆದ. ಗಾಳಿ ಬಂತು. ಕೊಕ್ಕರೆ ನಿಧಾನಕ್ಕೆ ಕತ್ತು ಹೊರಳಿಸಿತು.

ಕಿರ್ರ್...

ಬೆಂಚಿನ ಮೇಲಿದ್ದ ತಾಯಿ ತಲೆ ಎತ್ತಿ ಗದರಿದರು:

"ಬಂದ್ಯಾ? ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೋ?"